ಹಾಸ್ಟೆಲ್ ಮಕ್ಕಳಿಗೆ ಕಣ್ಣು ಬಂದಿವೆ, ಮನೆಗೆ ಕಳಿಸಬೇಕಾ ಬೇಡವಾ?

ಸಗರನಾಡು ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಶಹಾಪುರ ಕಡೆಯ ಒಂದು ವಸತಿ ಶಾಲೆಯಲ್ಲಿ ಕೆಲಸ ಮಾಡುತ್ತೇನೆ. ಹದಿನೈದು ದಿನದ ಹಿಂದೆ ಆರನೇ ಕ್ಲಾಸಿನ ಒಬ್ಬ ಹುಡುಗ ಊರಿಗೆ ಹೋಗಿ ಬಂದ. ಬಂದಾಗಲೇ ಕಣ್ಣು ಕೆಂಪಗಿದ್ದವು. ಧೂಳು ಬಿದ್ದಿರಬೇಕು ಅಂತ ಯಾರೂ ಲಕ್ಷ್ಯ ಕೊಡಲಿಲ್ಲ. ವಾರ ಕಳೆದ ಮೇಲೆ ಅವನ ಅಕ್ಕಪಕ್ಕ ಮಲಗುವವರಿಗೆ ಶುರುವಾಯಿತು. ಈಗ ಅರ್ಧ ಹಾಸ್ಟೆಲ್ ಕೆಂಗಣ್ಣು. ಬೆಳಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡು ಬಿಚ್ಚುವುದಿಲ್ಲ. ಗೋಡೆ ಹಿಡಿದುಕೊಂಡು ನಳದ ಹತ್ತಿರ ಬರುತ್ತವೆ, ಪಾಪ.

ಪಾಲಕರ ಫೋನ್ ನಿಲ್ಲುತ್ತಿಲ್ಲ. "ಸರ, ನಮ್ಮ ಹುಡುಗನ ಕಣ್ಣು ಬಂದಾವಂತ, ಮನಿಗೆ ಕಳಸ್ರಿ" ಅಂತ ಕೆಲವರು. "ಅವನಿಗಿನ್ನೂ ಬಂದಿಲ್ಲ, ಬರೋದ್ರಾಗ ಕಳಸ್ರಿ" ಅಂತ ಇನ್ನು ಕೆಲವರು. ರಜೆ ಕೊಟ್ಟು ಎಲ್ಲರನ್ನೂ ಕಳಿಸಿಬಿಡೋಣ ಅಂತ ನಮ್ಮಲ್ಲೇ ಒಂದು ಗುಂಪು. ನನಗೆ ಅದು ಸರಿ ಕಾಣುತ್ತಿಲ್ಲ. ನಿಮ್ಮ ಕಡೆ ಏನು ಮಾಡಿದ್ದೀರಿ?

ಬೀದರ್ ಬಿಸಿಲು
ಕಳಿಸಿಬಿಡಿ ಸರ್. ಸುಮ್ನೆ ನಿಮ್ಮ ತಲೆ ಮೇಲೆ ಯಾಕೆ ಹಾಕಿಕೊಳ್ಳುತ್ತೀರಿ? 2023ರ ಮಳೆಗಾಲ ನೆನಪಿಲ್ವಾ? ರಾಜ್ಯದಲ್ಲಿ ಜಾಸ್ತಿ ಕೇಸ್ ಬಂದ ಜಿಲ್ಲೆಗಳಲ್ಲಿ ನಮ್ಮ ಬೀದರ್ ಮುಂದಿತ್ತು. ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಎಲ್ಲರೂ ಕರಿ ಕನ್ನಡಕ. ಮದುವೆ ದಿಬ್ಬಣವೋ ಸಿನಿಮಾ ಶೂಟಿಂಗೋ ಗೊತ್ತಾಗುತ್ತಿರಲಿಲ್ಲ.

ಭೀಮಾ ದಂಡೆ
ಕಳಿಸಿದರೆ ಅದು ಊರೂರಿಗೆ ಹೋಗುತ್ತದೆ ಅಷ್ಟೇ. ಒಂದು ಹಾಸ್ಟೆಲಿನ ರೋಗ ನಲವತ್ತು ಊರಿನ ರೋಗ ಆಗುತ್ತದೆ. ಮೇಷ್ಟ್ರೇ, ನಿಮಗೆ ಸರಿ ಕಾಣುತ್ತಿಲ್ಲ ಅಂದದ್ದೇ ಸರಿ.

ಸೇಡಂ ಸಿಸ್ಟರ್
ನಾನು ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಸಹಾಯಕಿ. ಡಾಕ್ಟರ್ ಅಲ್ಲ. ಆದರೆ ಮಳೆ ಶುರುವಾದರೆ ದಿನವೂ ನೋಡುವುದು ಇದನ್ನೇ.

ಸರ್, ನೀವು ಹೇಳಿದ ಒಂದು ಮಾತು ಮುಖ್ಯ. ಮೊದಲನೆಯವನಿಗೂ ಉಳಿದವರಿಗೂ ನಡುವೆ ವಾರದ ಅಂತರ. ಕಣ್ಣು ಬರುವುದಕ್ಕೆ ಕಾರಣವಾಗುವ ವೈರಸ್‌ಗಳಲ್ಲಿ ಎರಡು ಬಗೆ ಜಾಸ್ತಿ. ಒಂದು ಅಡಿನೋವೈರಸ್. ಇದು ಮೈಗೆ ಸೇರಿದ ಮೇಲೆ ಕಣ್ಣು ಕೆಂಪಾಗುವುದಕ್ಕೆ ಐದರಿಂದ ಹನ್ನೆರಡು ದಿನ ಹಿಡಿಯುತ್ತದೆ. ಇನ್ನೊಂದು ಎಂಟರೋವೈರಸ್ ಗುಂಪು. ಅದಕ್ಕೆ ಒಂದೆರಡು ದಿನ ಸಾಕು. ಇವತ್ತು ಒಬ್ಬ, ನಾಳಿದ್ದು ಇಡೀ ಕೋಣೆ. ಅದರಲ್ಲಿ ಕಣ್ಣಿನ ಬಿಳಿ ಭಾಗದಲ್ಲಿ ರಕ್ತ ಚೆಲ್ಲಿದ ಹಾಗೆ ಕೆಂಪು ಮಚ್ಚೆ ಕೂಡ ಕಾಣುತ್ತದೆ. ನೋಡಿದರೆ ಗಾಬರಿ ಆಗುತ್ತದೆ, ಆದರೆ ಬೇಗ ವಾಸಿಯಾಗುವುದು ಅದೇ. ಯಾವುದು ಅಂತ ಪಕ್ಕಾ ಹೇಳಲು ಲ್ಯಾಬ್ ಬೇಕು. ನಿಮ್ಮಲ್ಲಿರುವುದು ಅಡಿನೋ ಇರಬಹುದು ಅನಿಸುತ್ತದೆ.

ಹಾಗಿದ್ದರೆ ಈಗ ಚೆನ್ನಾಗಿ ಕಾಣುತ್ತಿರುವ ಮಕ್ಕಳಲ್ಲೂ ಕೆಲವರಿಗೆ ಆಗಲೇ ಅಂಟಿರುತ್ತದೆ, ಇನ್ನೂ ಕಾಣಿಸಿಕೊಂಡಿಲ್ಲ ಅಷ್ಟೇ. "ಬರೋದ್ರಾಗ ಕಳಸ್ರಿ" ಅಂತ ಕೇಳುವ ಪಾಲಕರ ಮಗು ಊರಿಗೆ ಹೋಗಿ, ಅಜ್ಜಿ ಮಗ್ಗುಲಲ್ಲಿ ಮಲಗಿ, ಮೂರನೇ ದಿನ ಅಲ್ಲಿ ಶುರು ಮಾಡುತ್ತದೆ. ಕಳಿಸಬೇಡಿ. ಮನೆ ಹತ್ತಿರವಿದ್ದು, ಅಪ್ಪನೇ ಬಂದು ಬೈಕಿನಲ್ಲಿ ಕರೆದೊಯ್ಯುವುದಾದರೆ ಆ ಮಾತು ಬೇರೆ. ಬಸ್ ಹತ್ತಿಸಿ ಅಂತೂ ಕಳಿಸಬೇಡಿ.

ಚಿಂಚೋಳಿ ರೂಟ್
ಬಸ್ ಅಂದಿದ್ದಕ್ಕೆ ಬಂದೆ. ಕಂಡಕ್ಟರ್ ನಾನು. ನಮ್ಮ ಡಿಪೋದಲ್ಲಿ ಈಗ ಐದಾರು ಜನರಿಗೆ ಕಣ್ಣು ಬಂದಿವೆ. ರಜೆ ಕೇಳಿದರೆ "ಕನ್ನಡಕ ಹಾಕಿಕೊಂಡು ಬಾ" ಅನ್ನುತ್ತಾರೆ. ಕನ್ನಡಕ ಹಾಕಿದರೆ ಹರಡುವುದಿಲ್ವಾ ಸಿಸ್ಟರ್?

ಸೇಡಂ ಸಿಸ್ಟರ್
ಇಲ್ಲ ಅಣ್ಣಾ. ಕನ್ನಡಕ ಹಾಕಿದರೆ ಬಿಸಿಲು ಚುಚ್ಚುವುದಿಲ್ಲ. ಪದೇ ಪದೇ ಕಣ್ಣಿಗೆ ಕೈ ಹೋಗುವುದು ಸ್ವಲ್ಪ ಕಡಿಮೆ ಆಗುತ್ತದೆ. ಅಷ್ಟೇ ಉಪಯೋಗ. ರೋಗ ಹೋಗುವುದು ಕೈಯಿಂದ. ನೀವು ಕಣ್ಣು ಉಜ್ಜಿಕೊಂಡು ಚಿಲ್ಲರೆ ಕೊಡುತ್ತೀರಿ, ಅವರು ಚಿಲ್ಲರೆ ತೆಗೆದುಕೊಂಡು ಮಗುವಿನ ಮುಖ ಒರೆಸುತ್ತಾರೆ. ಮುಗೀತು.

ಚಿಂಚೋಳಿ ರೂಟ್
ನಮ್ಮ ಟಿಕೆಟ್ ಮಷೀನ್ ಕೂಡ ಡ್ಯೂಟಿ ಮುಗಿದ ಮೇಲೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಸೀಟಿನ ಕಂಬಿ ಹಿಡಿಯಲು ಜಾಗ ಸಿಗುವುದಿಲ್ಲ, ಅಷ್ಟು ಜನ. ಸ್ಯಾನಿಟೈಸರ್ ಇಟ್ಟುಕೊಳ್ಳುತ್ತೇನೆ ಬಿಡಿ, ಕೊರೊನಾದ ಬಾಟಲಿ ಇನ್ನೂ ಇದೆ.

ಸೇಡಂ ಸಿಸ್ಟರ್
ಅದನ್ನು ನಂಬಿ ಕೂರಬೇಡಿ. ಕೊರೊನಾ ವೈರಸ್‌ಗೆ ಹೊರಗೆ ಕೊಬ್ಬಿನ ಪದರ ಇತ್ತು, ಸ್ಪಿರಿಟ್ ತಾಗಿದರೆ ಒಡೆಯುತ್ತಿತ್ತು. ಕಣ್ಣು ಬರಿಸುವ ಈ ಎರಡಕ್ಕೂ ಆ ಪದರ ಇಲ್ಲ. ಹಾಗಾಗಿ ಸ್ಯಾನಿಟೈಸರ್ ಅಷ್ಟು ಕೆಲಸ ಮಾಡುವುದಿಲ್ಲ. ಅಡಿನೋವೈರಸ್ ಅಂತೂ ಒಣಗಿದ ಕಂಬಿ, ಬಾಗಿಲ ಚಿಲಕ, ಪ್ಲಾಸ್ಟಿಕ್ ಮಗ್ ಮೇಲೆ ವಾರಗಟ್ಟಲೆ ಉಳಿಯಬಲ್ಲದು. ಸೋಪು, ಹರಿಯುವ ನೀರು. ಬಸ್ ಸ್ಟ್ಯಾಂಡಿನಲ್ಲಿ ಬಸ್ ನಿಂತಾಗೆಲ್ಲ ಇಳಿದು ಕೈ ತೊಳೆದುಕೊಳ್ಳಿ.

ಶಹಾಬಾದ್ ಪರಸಿ
ನನಗೆ ಎಪ್ಪತ್ತರ ಮೇಲಾಯಿತು. ಇದೇನು ಹೊಸದಲ್ಲ. 1971ರಲ್ಲಿ ದೇಶಕ್ಕೆಲ್ಲ ಬಂದಿತ್ತು. ಆಗ ಬಾಂಗ್ಲಾ ಯುದ್ಧದ ಕಾಲ, ಕಲ್ಕತ್ತಾದವರು ಇದನ್ನು ಜಯ್ ಬಾಂಗ್ಲಾ ಅಂತಲೇ ಕರೆದರು. ಅದಕ್ಕೂ ಎರಡು ವರ್ಷ ಮೊದಲು, 1969ರಲ್ಲಿ, ಆಫ್ರಿಕಾದ ಘಾನಾದಲ್ಲಿ ಕಾಣಿಸಿಕೊಂಡಿತ್ತು. ಅಮೆರಿಕದವರು ಅಪೊಲೊ ನೌಕೆಯಲ್ಲಿ ಹೋಗಿ ಚಂದ್ರನ ಮೇಲೆ ಇಳಿದದ್ದೂ ಅದೇ ವರ್ಷ ನೋಡಿ, ಅಲ್ಲಿಯವರು ಅಪೊಲೊ ರೋಗ ಅಂದರು. 1981ರಲ್ಲಿ ಮತ್ತೊಂದು ಸುತ್ತು. ನಮ್ಮ ಕಡೆ ಮದ್ರಾಸ್ ಐ ಅಂತಾರೆ. ಪ್ರತಿಯೊಬ್ಬರಿಗೂ ಇದು ಬೇರೆ ಊರಿನಿಂದಲೇ ಬಂದದ್ದು!

ಆಗ ನಮ್ಮ ಅವ್ವ ರಾತ್ರಿ ನೆತ್ತಿಗೆ, ಅಂಗಾಲಿಗೆ ಹರಳೆಣ್ಣೆ ತಟ್ಟಿ ಮಲಗಿಸುತ್ತಿದ್ದಳು. ಉಷ್ಣ ಇಳಿಯುತ್ತದೆ ಅಂತ. ವಾರದಲ್ಲಿ ವಾಸಿ.

ಬೀದರ್ ಬಿಸಿಲು
ಕಾಕಾ, ಎಣ್ಣೆ ಹಚ್ಚದಿದ್ದರೂ ವಾರದಲ್ಲಿ ವಾಸಿ ಆಗುತ್ತಿತ್ತು.

ಶಹಾಬಾದ್ ಪರಸಿ
ಆಗುತ್ತಿತ್ತೋ ಏನೋ. ನಿದ್ದೆ ಅಂತೂ ಚೆನ್ನಾಗಿ ಬರುತ್ತಿತ್ತು.

ಸೇಡಂ ಸಿಸ್ಟರ್
ನೆತ್ತಿಗೆ ಎಷ್ಟು ಬೇಕಾದರೂ ಹಚ್ಚಿ ಕಾಕಾ, ನನ್ನ ತಕರಾರಿಲ್ಲ. ಕಣ್ಣೊಳಗೆ ಮಾತ್ರ ಏನೂ ಬೇಡ. ಎದೆಹಾಲು, ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಈರುಳ್ಳಿ ರಸ, ಎಲ್ಲ ಹಾಕಿಕೊಂಡು ಬರುತ್ತಾರೆ. ಆಗಲೇ ಹುಣ್ಣಾದ ಹಾಗಿರುವ ಕಣ್ಣಿಗೆ ಬೇರೆ ಸೋಂಕು ಸೇರಲು ಅದೇ ದಾರಿ.

ಅಂಗನವಾಡಿ ಅಕ್ಕ
ಗುರುಮಠಕಲ್ ಕಡೆಯವಳು ನಾನು. ಎಲ್ಲರೂ ಹಾಸ್ಟೆಲ್, ಬಸ್ ಅಂತಿದ್ದೀರಿ. ಮನೆಯಲ್ಲಿ ಹೇಗೆ ಹರಡುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಮೊನ್ನೆ ಒಬ್ಬ ತಾಯಿ ಮೂರು ಮಕ್ಕಳನ್ನು ಕರೆದುಕೊಂಡು ಬಂದಳು. ದೊಡ್ಡವನಿಗೆ ಕಣ್ಣು ಬಂದಿವೆ. ಅವನ ಗೀಜು ಸೆರಗಿನ ತುದಿಯಿಂದ ಒರೆಸಿದಳು. ಅದೇ ತುದಿಯಲ್ಲಿ ನಡುವಿನವಳ ಮೂಗು ಒರೆಸಿದಳು. ಆಮೇಲೆ ಸೆರಗು ತಿರುಗಿಸಿ, ಈ ಕಡೆ ಸ್ವಚ್ಛ ಇದೆ ಅನ್ನುವ ಹಾಗೆ, ಕೂಸಿನ ಕಣ್ಣಿಗೆ ಹಚ್ಚಿದ ಕಾಡಿಗೆ ಹರಡಿತ್ತು ಅಂತ ಅದನ್ನೂ ಒರೆಸಿದಳು. ನಾನು "ಯವ್ವಾ, ನಿಲ್ಲು" ಅನ್ನುವಷ್ಟರಲ್ಲಿ ಮೂರೂ ಆಗಿಹೋಗಿತ್ತು. ಆಕೆಯದು ಬೇಜವಾಬ್ದಾರಿ ಅಲ್ಲ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಮಾಡಿದ್ದು.

ಅದಕ್ಕೇ ನಾನು ಈಗ ತಾಯಂದಿರಿಗೆ ಹಳೇ ಹತ್ತಿ ಬಟ್ಟೆ ಹರಿದು ತುಂಡು ಮಾಡಿಟ್ಟುಕೊಳ್ಳಲು ಹೇಳುತ್ತೇನೆ. ಒಂದು ತುಂಡು, ಒಂದು ಕಣ್ಣು, ಒಂದು ಸಲ. ಒರೆಸಿದ್ದನ್ನು ಒಲೆಗೆ ಹಾಕು.

ದರ್ಗಾ ರೋಡ್
ಅಕ್ಕ ಹೇಳಿದ್ದಕ್ಕೆ ನಮ್ಮ ಮನೆಯದೂ ಸೇರಿಸಿ. ನಮ್ಮಲ್ಲಿ ಒಂದೇ ಸುರ್ಮಾದಾನಿ, ಒಂದೇ ಕಡ್ಡಿ. ಅಬ್ಬಾ, ಚಾಚಾ, ಮಕ್ಕಳು, ಶುಕ್ರವಾರ ಎಲ್ಲರೂ ಅದರಲ್ಲೇ. ಸುರ್ಮಾ ಹಾಕಿದರೆ ಕಣ್ಣು ತಂಪು ಅಂತ ಅಮ್ಮಿ ಈಗಲೂ ಹಾಕಲು ಬರುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಏನು ಹೇಳಲಿ?

ಸೇಡಂ ಸಿಸ್ಟರ್
ಕಣ್ಣು ಪೂರ್ತಿ ಬಿಳಿ ಆಗುವ ತನಕ ಬೇಡ ಅನ್ನಿ. ಆಮೇಲೂ ಆ ಕಡ್ಡಿ, ಆ ಡಬ್ಬಿ ಬೇಡ. ಕಾಡಿಗೆಯದೂ ಅದೇ ಕಥೆ.

ಸೂಪರ್ ಮಾರ್ಕೆಟ್ ಮೆಡಿಕಲ್
ಎಲ್ಲರೂ ಕೊನೆಗೆ ಬೈಯುವುದು ನಮ್ಮನ್ನೇ, ಅದಕ್ಕೆ ಮೊದಲೇ ಬಂದೆ. ಕಲಬುರಗಿಯಲ್ಲಿ ಮೆಡಿಕಲ್ ಇದೆ ನನ್ನದು. ಈ ಸೀಸನ್ನಿನಲ್ಲಿ ಬರುವವರು ಕೇಳುವ ರೀತಿ ಹೀಗೆ: "ಹೋದ ಸಲ ಕೊಟ್ಟಿದ್ರಲ್ಲ, ಸಣ್ಣ ಬಿಳಿ ಬಾಟ್ಲಿ, ಒಂದೇ ದಿನದಾಗ ಆರಾಮಾಗಿತ್ತು, ಅದೇ ಕೊಡ್ರಿ." ಚೀಟಿ ಇಲ್ಲ. ಕೊಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಿಗುತ್ತದೆ. ನಾವು ಏನು ಮಾಡಬೇಕು?

ಭೀಮಾ ದಂಡೆ
ಕೊಡಬಾರದು. ಅಷ್ಟೇ.

ಸೂಪರ್ ಮಾರ್ಕೆಟ್ ಮೆಡಿಕಲ್
ಹೇಳುವುದು ಸುಲಭ ಸರ್. ಬಾಡಿಗೆ ನೀವು ಕಟ್ಟುತ್ತೀರಾ?

ಸೇಡಂ ಸಿಸ್ಟರ್
ಜಗಳ ಬೇಡ, ಇದು ನಿಜವಾಗಿ ಮಾತಾಡಬೇಕಾದ ವಿಷಯ. ಆ "ಒಂದೇ ದಿನದಲ್ಲಿ ಆರಾಮ" ಆಗುವ ಬಾಟಲಿಯಲ್ಲಿ ಹೆಚ್ಚಾಗಿ ಎರಡು ಔಷಧ ಇರುತ್ತವೆ. ಒಂದು ಆಂಟಿಬಯೋಟಿಕ್, ಇನ್ನೊಂದು ಸ್ಟಿರಾಯ್ಡ್. ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಸ್ಟಿರಾಯ್ಡ್ ಕೆಂಪು ಇಳಿಸುತ್ತದೆ, ಉರಿ ಇಳಿಸುತ್ತದೆ, ಅದಕ್ಕೇ ಜನಕ್ಕೆ ಇಷ್ಟ. ಆದರೆ ವೈರಸ್ ಕಣ್ಣಲ್ಲಿ ಇನ್ನೂ ಜಾಸ್ತಿ ದಿನ ಉಳಿಯುತ್ತದೆ. ಕಣ್ಣು ಬೆಳ್ಳಗೆ ಕಾಣುತ್ತದೆ, ಮನುಷ್ಯ ಕೆಲಸಕ್ಕೆ ಹೋಗುತ್ತಾನೆ, ಹಂಚುತ್ತಲೇ ಇರುತ್ತಾನೆ. ನನ್ನ ಪ್ರಕಾರ ನಮ್ಮ ಕಡೆ ಒಂದೊಂದು ಸುತ್ತು ಇಷ್ಟು ದಿನ ಎಳೆಯುವುದಕ್ಕೆ ಈ ಬಾಟಲಿಯೂ ಒಂದು ಕಾರಣ.

ಇನ್ನೂ ಕೆಟ್ಟದ್ದು ಏನು ಗೊತ್ತಾ? ಕೆಂಪು ಕಣ್ಣೆಲ್ಲ ಈ ರೋಗವೇ ಅಲ್ಲ. ಹರ್ಪಿಸ್ ಅಂತ ಬೇರೆ ವೈರಸ್ ಇದೆ, ಅದು ಕರಿಗುಡ್ಡೆಯ ಮೇಲಿನ ಪೊರೆಗೇ ಹುಣ್ಣು ಮಾಡುತ್ತದೆ. ಬೂಷ್ಟಿನ ಸೋಂಕು ಇದೆ. ಇವಕ್ಕೆ ಸ್ಟಿರಾಯ್ಡ್ ಹಾಕಿದರೆ ಹುಣ್ಣು ಆಳಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ಹಾಕುತ್ತಾ ಹೋದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಸ್ಟಿರಾಯ್ಡ್ ಹನಿ ಬೇಕಾಗುವ ಕೇಸ್ ಇಲ್ಲ ಅಂತಲ್ಲ. ಅಡಿನೋ ಜೋರಾದರೆ ಕರಿಗುಡ್ಡೆ ಮೇಲೆ ಸಣ್ಣ ಸಣ್ಣ ಮಬ್ಬು ಚುಕ್ಕೆ ಉಳಿದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಮಂಜು ಕಾಣುತ್ತದೆ. ಅಂಥವರಿಗೆ ಕಣ್ಣಿನ ಡಾಕ್ಟರ್ ಯಂತ್ರದಲ್ಲಿ ನೋಡಿ, ಅಳೆದು ಕೊಡುತ್ತಾರೆ.

ಮನೆಯಲ್ಲಿ ಬಾಟಲಿ ಇದ್ದರೆ ಸಣ್ಣ ಅಕ್ಷರ ಓದಿ. ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೋಲೋನ್ ಅಂತ ಏನಾದರೂ ಇದ್ದರೆ ಡಾಕ್ಟರ್ ಹೇಳದೆ ಮುಟ್ಟಬೇಡಿ.

ಸೂಪರ್ ಮಾರ್ಕೆಟ್ ಮೆಡಿಕಲ್
ಒಪ್ಪಿದೆ ಸಿಸ್ಟರ್. ನಾನು ಮಾಡುವುದು ಹೇಳುತ್ತೇನೆ. ಚೀಟಿ ಇಲ್ಲದೆ ಬಂದವರಿಗೆ ಕೃತಕ ಕಣ್ಣೀರಿನ ಹನಿ ಕೊಡುತ್ತೇನೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವಂಥದು. ಉರಿಗೆ ಹಿತ ಆಗುತ್ತದೆ, ತೊಂದರೆ ಇಲ್ಲ. ಒಬ್ಬರಿಗೆ ಒಂದು ಬಾಟಲಿ ತೆಗೆದುಕೊಳ್ಳಿ ಅಂದರೆ ಮಾತ್ರ "ಏನ್ ಸಾಹುಕಾರ, ವ್ಯಾಪಾರ ಮಾಡ್ತಿ" ಅಂತಾರೆ. ಮನೆಯಲ್ಲಿ ಐದು ಜನ, ಐದು ಬಾಟಲಿ ಯಾರು ಕೊಳ್ಳುತ್ತಾರೆ?

ಸೇಡಂ ಸಿಸ್ಟರ್
ದುಡ್ಡಿಲ್ಲದಿದ್ದರೆ ಬಾಟಲಿಯೇ ಬೇಡ. ಕುದಿಸಿ ಆರಿಸಿದ ನೀರಲ್ಲಿ ಬಟ್ಟೆ ಅದ್ದಿ ತಣ್ಣಗೆ ಇಟ್ಟುಕೊಂಡರೂ ಉರಿ ಇಳಿಯುತ್ತದೆ. ಐದು ಜನಕ್ಕೆ ಒಂದೇ ಬಾಟಲಿ ಹಾಕುವುದಕ್ಕಿಂತ ಅದು ಸಾವಿರ ಪಾಲು ಮೇಲು. ಬಾಟಲಿಯ ಮೂತಿ ಒಬ್ಬರ ರೆಪ್ಪೆಗೆ ತಾಗಿದರೆ ಆ ಬಾಟಲಿ ಅಲ್ಲಿಗೆ ಮುಗಿಯಿತು.

ಅಫಜಲಪುರ ಹೊಲ
ಕೂಲಿ ಹೆಣ್ಣುಮಕ್ಕಳು ಈಗ ಹೆಸರುಕಾಯಿ ಬಿಡಿಸಲು ಹೋಗುತ್ತಿದ್ದಾರೆ. ಎಲ್ಲರೂ ಕೆಂಗಣ್ಣು. ಹೊಲ ಬಿಟ್ಟು ಮನೆಯಲ್ಲಿ ಕೂತರೆ ಕೂಲಿ ಹೋಯಿತು, ಹೆಸರು ಮಳೆಗೆ ಸಿಕ್ಕರೆ ಕಪ್ಪಾಯಿತು. ನಾನು ಕೇಳುವುದೇನೆಂದರೆ, ನಮ್ಮಲ್ಲಿ ಒಬ್ಬ ಹೆಣ್ಣುಮಗಳಿಗೆ ಒಂದೇ ಕಣ್ಣು ಕೆಂಪು. ನೋವು ಭಾಳ. ಅದೇ ರೋಗ ಅಲ್ವಾ?

ಸೇಡಂ ಸಿಸ್ಟರ್
ಅಣ್ಣಾ, ಹೊಲದಲ್ಲಿ ಕಣ್ಣಿಗೆ ಏನಾದರೂ ಬಡಿಯಿತಾ ಅಂತ ಕೇಳಿ. ಎಲೆ, ಸಿಪ್ಪೆ, ಕಡ್ಡಿ, ಏನಾದರೂ.

ಅಫಜಲಪುರ ಹೊಲ
ಕೇಳಿದೆ. ನಾಲ್ಕು ದಿನದ ಕೆಳಗೆ ಹೆಸರಿನ ಬಳ್ಳಿ ಕೀಳುವಾಗ ಬಡಿದಿತ್ತಂತೆ. ಸೆರಗಿನಿಂದ ಊದಿ ಬಿಸಿ ಇಟ್ಟುಕೊಂಡಳಂತೆ. ಈಗ ಮೊಬೈಲ್ ಬೆಳಕಲ್ಲಿ ನೋಡಿದೆ, ಕರಿಗುಡ್ಡೆ ಮೇಲೆ ಸಣ್ಣ ಬಿಳಿ ಚುಕ್ಕೆ ಇದ್ದ ಹಾಗಿದೆ.

ಸೇಡಂ ಸಿಸ್ಟರ್
ಇವತ್ತೇ ಕಳಿಸಿ. ನಾಳೆ ಅನ್ನಬೇಡಿ. ಇದು ಕಣ್ಣು ಬಂದದ್ದಲ್ಲ, ಕರಿಗುಡ್ಡೆ ಹುಣ್ಣು ಇರಬಹುದು. ಹಸಿ ಬಳ್ಳಿ, ಎಲೆ ಬಡಿದ ಗಾಯಕ್ಕೆ ಬೂಷ್ಟು ಹತ್ತುತ್ತದೆ. ತಡವಾದರೆ ಕಣ್ಣಲ್ಲಿ ಹೂ ಬಿದ್ದು ದೃಷ್ಟಿಯೇ ಹೋಗುತ್ತದೆ. ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಕಣ್ಣಿನ ವಿಭಾಗ ಇದೆ, ನೇರ ಅಲ್ಲಿಗೆ. ಆಕೆ ಯಾವ ಹನಿ ಹಾಕಿಕೊಂಡಿದ್ದರೂ ಆ ಬಾಟಲಿ ಜೊತೆಗೇ ತೆಗೆದುಕೊಂಡು ಹೋಗಲಿ.

ಎಲ್ಲರಿಗೂ ಹೇಳುತ್ತೇನೆ. ಊರಿಗೆಲ್ಲ ಕಣ್ಣು ಬಂದಾಗ ನಿಜವಾದ ಅಪಾಯ ಇದೇ. ಯಾರ ಕಣ್ಣು ಕೆಂಪಾದರೂ "ಅದೇ ಬಿಡು" ಅನ್ನುತ್ತೇವೆ. ಹರಡುವ ರೋಗದಲ್ಲಿ ಸಾಮಾನ್ಯವಾಗಿ ಒಂದು ಕಣ್ಣಿಗೆ ಬಂದು ಒಂದೆರಡು ದಿನದಲ್ಲಿ ಇನ್ನೊಂದಕ್ಕೂ ಬರುತ್ತದೆ. ಮರಳು ಬಿದ್ದ ಹಾಗೆ ಚುಚ್ಚುತ್ತದೆ, ನೀರು ಸುರಿಯುತ್ತದೆ, ಕೆಲವರಿಗೆ ಕಿವಿಯ ಮುಂದೆ ಸಣ್ಣ ಗಂಟು ಏಳುತ್ತದೆ. ಆದರೆ ರೆಪ್ಪೆ ಮಿಟುಕಿಸಿ ಗೀಜು ಸರಿಸಿದ ಮೇಲೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ನೋಟ ಮಂಜಾದರೆ, ಸೂಜಿ ಹಾಕಿದಂಥ ನೋವಿದ್ದರೆ, ಬೆಳಕು ನೋಡಲಾಗದೆ ಮುಖ ಮುಚ್ಚಿಕೊಂಡರೆ, ಬಿಳಿ ಚುಕ್ಕೆ ಕಂಡರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ, ಹುಟ್ಟಿ ತಿಂಗಳಾಗದ ಕೂಸಾದರೆ, ಮನೆಯಲ್ಲಿ ಕಾಯಬೇಡಿ.

ಭೀಮಾ ದಂಡೆ
ಅಫಜಲಪುರದವರೇ, ಗಾಡಿ ಬೇಕಿದ್ದರೆ ಹೇಳಿ. ನಾನು ಗಾಣಗಾಪುರದ ಹತ್ತಿರವೇ ಇದ್ದೇನೆ.

ಅಫಜಲಪುರ ಹೊಲ
ಬೇಡ ಸರ್, ನಮ್ಮ ತಮ್ಮನ ಜೀಪ್ ಇದೆ. ಹೊರಟರು.

ಸಗರನಾಡು ಮೇಷ್ಟ್ರು
ಎರಡು ದಿನ ಈ ಕಡೆ ಬರಲಾಗಲಿಲ್ಲ. ಎಲ್ಲ ಓದಿದೆ. ಯಾರನ್ನೂ ಕಳಿಸಲಿಲ್ಲ. ಹತ್ತಿರದ ಊರಿನ ಮೂವರನ್ನು ಅಪ್ಪಂದಿರು ಬಂದು ಕರೆದೊಯ್ದರು, ಅಷ್ಟೇ.

ಏನು ಮಾಡಿದೆವು ಅಂದರೆ, ಕಂಪ್ಯೂಟರ್ ಕೋಣೆ ಖಾಲಿ ಮಾಡಿ ಕಣ್ಣು ಬಂದವರಿಗೆ ಅಲ್ಲಿ ಹಾಸಿಗೆ. ಕಷ್ಟ ಇದ್ದದ್ದು ಚಾದರದ್ದು. ಇಬ್ಬರು ಗೆಳೆಯರು ಎರಡು ಚಾದರ ಜೋಡಿಸಿ ಒಳಗೆ ಸೇರಿಕೊಂಡು ಮಲಗುವುದು ಇವರ ರೂಢಿ. ಬೇರೆ ಮಲಗಿಸಿದರೆ ಅರ್ಧ ರಾತ್ರಿಗೆ ಮತ್ತೆ ಒಂದಾಗಿರುತ್ತಾರೆ. ಇನ್ನೊಂದು ನಳ. ನಾನು ಮುಂಜಾನೆ ನಿಂತು ನೋಡಿದೆ. ಹುಡುಗ ಗೀಜಿನ ಕೈಯಲ್ಲಿ ನಳ ತಿರುಗಿಸುತ್ತಾನೆ, ಕೈ ತೊಳೆಯುತ್ತಾನೆ, ತೊಳೆದ ಕೈಯಲ್ಲಿ ಅದೇ ನಳ ಮುಚ್ಚುತ್ತಾನೆ. ತೊಳೆದದ್ದೆಲ್ಲ ವ್ಯರ್ಥ. ಈಗ ಬೆಳಗಿನ ಹೊತ್ತು ಒಬ್ಬ ದೊಡ್ಡ ಹುಡುಗನನ್ನು ತಂಬಿಗೆ ಕೊಟ್ಟು ನಿಲ್ಲಿಸಿದ್ದೇವೆ. ಅವನು ನೀರು ಹಾಕುತ್ತಾನೆ, ಇವರು ಸೋಪು ಹಚ್ಚಿ ತೊಳೆಯುತ್ತಾರೆ. ನಳಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ನೀರೂ ಉಳಿಯಿತು, ನಮಗೆ ಎರಡು ದಿನಕ್ಕೊಮ್ಮೆ ಬಿಡುವ ನೀರು.

ಅಂಗನವಾಡಿ ಅಕ್ಕ
ಚೆನ್ನಾಗಿದೆ ಸರ್. ಆ ತಂಬಿಗೆ ಹುಡುಗ ಕಣ್ಣು ಬಂದು ಹೋದವನೇ ಇರಲಿ, ಪೂರ್ತಿ ವಾಸಿಯಾದವನು.

ಸಗರನಾಡು ಮೇಷ್ಟ್ರು
ಅವನೇ. ಮೊದಲು ಊರಿಂದ ತಂದನಲ್ಲ, ಅವನ ಅಣ್ಣ. ಊರಲ್ಲೇ ಆಗಿ ಹೋಗಿತ್ತಂತೆ.

ಸಿಸ್ಟರ್, ಚಿಲಕ, ಬಕೆಟ್ ಹಿಡಿಕೆ, ಕೇರಂ ಬೋರ್ಡು ಇವನ್ನು ಯಾವುದರಿಂದ ಒರೆಸಬೇಕು? ಫಿನಾಯಿಲ್ ನಡೆಯುತ್ತದಾ?

ಸೇಡಂ ಸಿಸ್ಟರ್
ಫಿನಾಯಿಲ್ ಬಿಟ್ಟು ಬ್ಲೀಚಿಂಗ್ ಪೌಡರ್ ನೀರು ಮಾಡಿಕೊಳ್ಳಿ. ಪಿಎಚ್‌ಸಿಯಲ್ಲಿ ಕೇಳಿದರೆ ಪೌಡರ್ ಕೊಡುತ್ತಾರೆ, ಎಷ್ಟಕ್ಕೆ ಎಷ್ಟು ಅಂತಲೂ ಹೇಳುತ್ತಾರೆ. ಒರೆಸಿದ ತಕ್ಷಣ ಒಣಗಿಸಬೇಡಿ, ಹತ್ತು ನಿಮಿಷ ಹಸಿಯಾಗಿಯೇ ಇರಲಿ. ಒರೆಸುವವರು ಕೈಗವಸು ಹಾಕಿಕೊಳ್ಳಲಿ, ಮಕ್ಕಳ ಕೈಯಲ್ಲಿ ಮಾಡಿಸಬೇಡಿ. ಟವೆಲ್, ದಿಂಬಿನ ಕವರ್ ಕುದಿಯುವ ನೀರಲ್ಲಿ ಹಾಕಿ ಬಿಸಿಲಿಗೆ ಒಣಗಿಸಿ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಹುಡುಗರು ಬಾವಿಗೆ ಈಜಲು ಹೋಗುವುದನ್ನು ಸ್ವಲ್ಪ ದಿನ ನಿಲ್ಲಿಸಿ.

ಬೀದರ್ ಬಿಸಿಲು
ವಾಸಿಯಾದವರನ್ನು ಯಾವಾಗ ಕ್ಲಾಸಿಗೆ ಸೇರಿಸುತ್ತೀರಿ? ನಾನು ಮೊದಲು ಕಳಿಸಿಬಿಡಿ ಅಂದಿದ್ದೆ, ಓದಿದ ಮೇಲೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಜಾಗ ಇರುವ ಹಾಸ್ಟೆಲ್‌ಗೆ ಇದು ಸರಿ. ನಮ್ಮ ಔರಾದ ಕಡೆ ಒಂದೇ ಹಾಲ್‌ನಲ್ಲಿ ಊಟ, ಓದು, ನಿದ್ದೆ ಎಲ್ಲ ನಡೆಯುವ ಹಾಸ್ಟೆಲ್ ನೋಡಿದ್ದೇನೆ. ಅಲ್ಲಿ ಬೇರೆ ಕೋಣೆ ಎಲ್ಲಿಂದ ತರುತ್ತೀರಿ?

ಸೇಡಂ ಸಿಸ್ಟರ್
ಅದು ನಿಜ. ಅಂಥ ಕಡೆ ಕಣ್ಣು ಬಂದವರನ್ನಾದರೂ ಪಾಲಕರೇ ಬಂದು ಕರೆದೊಯ್ಯುವುದು ಮೇಲು, ಉಳಿದವರು ಅಲ್ಲೇ ಇರಲಿ. ಹೋಗುವಾಗ ತಾಯಿಗೆ ಹೇಳಿ ಕಳಿಸಬೇಕು, ಅಂಗನವಾಡಿ ಅಕ್ಕ ಹೇಳಿದ ಹಾಗೆ. ಕ್ಲಾಸಿಗೆ ಸೇರಿಸುವುದು ನೀರು, ಗೀಜು ಪೂರ್ತಿ ನಿಂತ ಮೇಲೆ. ಕೆಲವರಿಗೆ ವಾರ, ಅಡಿನೋ ಆದರೆ ಎರಡು ವಾರ ಹಿಡಿದರೂ ಹಿಡಿಯಿತು.

ಅಫಜಲಪುರ ಹೊಲ
ಜಿಮ್ಸ್‌ನಲ್ಲಿ ತೋರಿಸಿದರು. ಹುಣ್ಣೇ. ಕೆರೆದು ಸ್ಯಾಂಪಲ್ ತೆಗೆದಿದ್ದಾರಂತೆ, ಅಡ್ಮಿಟ್ ಮಾಡಿಕೊಂಡಿದ್ದಾರೆ. ಗಂಟೆಗೊಮ್ಮೆ ಹನಿ. ಎರಡು ದಿನ ತಡ ಮಾಡಿದ್ದರೆ ಕಷ್ಟ ಇತ್ತು ಅಂದರಂತೆ. ಆಕೆ ಹಾಕಿಕೊಂಡಿದ್ದ ಬಾಟಲಿಯಲ್ಲಿ ಸಿಸ್ಟರ್ ಹೇಳಿದ ಹೆಸರೇ ಇತ್ತು, ಡೆಕ್ಸಾ ಅಂತ ಶುರುವಾಗುವುದು. ಪಕ್ಕದ ಮನೆಯವರು ಕೊಟ್ಟದ್ದಂತೆ, ಅವರಿಗೆ ಹೋದ ವರ್ಷ ಉಳಿದದ್ದು.

ಸೂಪರ್ ಮಾರ್ಕೆಟ್ ಮೆಡಿಕಲ್
ಹೋದ ವರ್ಷದ್ದಾ! ಬಾಟಲಿಯ ಸೀಲ್ ಒಡೆದು ಒಂದು ತಿಂಗಳಾದರೆ ಎಸೆಯಬೇಕು ಅಣ್ಣಾ, ಎಷ್ಟೇ ಉಳಿದಿರಲಿ. ನಾನು ನಾಳೆಯಿಂದ ಪ್ರತಿ ಡಬ್ಬಿಯ ಮೇಲೆ ಪೆನ್ನಲ್ಲಿ ತಾರೀಖು ಬರೆದು ಕೊಡುತ್ತೇನೆ.

ಚಿಂಚೋಳಿ ರೂಟ್
ನನಗೂ ಇವತ್ತು ಬೆಳಗ್ಗೆಯಿಂದ ಎಡಗಣ್ಣು ಚುಚ್ಚುತ್ತಿದೆ. ರಜೆ ಅರ್ಜಿಯಲ್ಲಿ ಏನಂತ ಬರೆಯಲಿ ಸಿಸ್ಟರ್?

ಸೇಡಂ ಸಿಸ್ಟರ್
ಅರ್ಜಿ ಆಮೇಲೆ. ಮೊದಲು ಆಸ್ಪತ್ರೆಗೆ ಬಂದು ಓಪಿಡಿ ಚೀಟಿ ಮಾಡಿಸಿ. ಡಾಕ್ಟರ್ ಬರೆದುಕೊಟ್ಟರೆ ಡಿಪೋದವರು ಇಲ್ಲ ಅನ್ನುವುದಿಲ್ಲ. ಬರುವಾಗ ಕಂಬಿ ಹಿಡಿಯಬೇಡಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಬನ್ನಿ.